ಪ್ರಶ್ನೋತ್ತರ: ಜೂಜಿನ ಚಟ, ಖಿನ್ನತೆ ಎರಡೂ ಇದ್ದರೆ ಮೊದಲು ಯಾವುದಕ್ಕೆ ಚಿಕಿತ್ಸೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ತಮ್ಮನಿಗೆ ಮೊಬೈಲಿನಲ್ಲಿ ಬೆಟ್ಟಿಂಗ್ ಚಟ. ಈಚೆಗೆ ನಿದ್ದೆಯಿಲ್ಲ, ಯಾರ ಜೊತೆಗೂ ಮಾತಿಲ್ಲ, ದಿನಾ ಕುಡಿಯುತ್ತಾನೆ. ಖಿನ್ನತೆ ವಾಸಿಯಾದರೆ ಜೂಜು ತಾನಾಗಿ ಬಿಟ್ಟುಹೋಗುತ್ತದೆ ಅಂತಾರೆ ಅಪ್ಪ. ನಿಜವೇ?

ಉತ್ತರ (ಮನೋವೈದ್ಯರು): ಹಾಗೆ ಕಾಯಬೇಡಿ, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಶುರುವಾಗಬೇಕು. ಒಂದನ್ನು ಬಾಕಿ ಬಿಟ್ಟರೆ ಅದೇ ಇನ್ನೊಂದನ್ನು ಮತ್ತೆ ಎಬ್ಬಿಸುತ್ತದೆ. ಈ ಚಟ ಒಂಟಿಯಾಗಿ ಬರುವುದೇ ಅಪರೂಪ. ಅಮೆರಿಕದಲ್ಲಿ 43,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ಸಮೀಕ್ಷೆಯ 2005ರ ವರದಿ ನೋಡಿ: ಜೂಜಿನ ಕಾಯಿಲೆ ಇದ್ದವರಲ್ಲಿ ಜೀವನದ ಯಾವುದಾದರೂ ಹಂತದಲ್ಲಿ ಮದ್ಯದ ಸಮಸ್ಯೆ ಕಂಡವರು ಶೇ. 73, ಖಿನ್ನತೆಯಂಥ ಮನಸ್ಥಿತಿಯ ಕಾಯಿಲೆ ಸುಮಾರು ಶೇ. 50, ಆತಂಕದ ಕಾಯಿಲೆ ಶೇ. 41.

ಭೇಟಿಗೆ ಮೊದಲು ಒಂದು ಹಾಳೆಯಲ್ಲಿ ತಾರೀಕಿನ ಪ್ರಕಾರ ಬರೆದಿಡಿ: ನಿದ್ದೆ ಕೆಟ್ಟದ್ದು ಯಾವಾಗ, ಕುಡಿತ ಹೆಚ್ಚಿದ್ದು ಯಾವಾಗ, ಮೊದಲ ಸಾಲ, ದೊಡ್ಡ ಮೊತ್ತ ಹೋದದ್ದು. ಬೇಸರ ಮರೆಯಲು ಆಟಕ್ಕಿಳಿದವರೂ ಇದ್ದಾರೆ, ಆಟದಲ್ಲಿ ಕಳೆದುಕೊಂಡು ಕುಗ್ಗಿದವರೂ ಇದ್ದಾರೆ. ಚಿಕಿತ್ಸೆಯಲ್ಲಿ ಯಾವುದಕ್ಕೆ ಒತ್ತು ಕೊಡಬೇಕೆಂದು ಆ ಹಾಳೆಯೇ ಹೇಳುತ್ತದೆ.

ಇನ್ನೊಂದು ವಿಷಯ ಖಂಡಿತ ತಿಳಿಸಿ. ಎರಡು ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಕೈಲಿದ್ದದ್ದೆಲ್ಲ ಸುರಿದು ಆಡುತ್ತಾನೆ, ಇಂಥ ದಿನಗಳು ಎಂದಾದರೂ ಬಂದಿದ್ದವೇ? ಅದು ಬೈಪೋಲಾರ್ ಕಾಯಿಲೆಯ (ಕೆಲವು ಕಾಲ ಖಿನ್ನತೆ, ಕೆಲವು ಕಾಲ ಅತಿ ಹುರುಪು ಬರುವ ಕಾಯಿಲೆ) ಉನ್ಮಾದ ಇರಬಹುದು. ಆಗ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ತನ್ನಿ: ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್, ಮನೋರೋಗಕ್ಕೆ ಕೊಡುವ ಅರಿಪಿಪ್ರಜೋಲ್ ಕೆಲವರಲ್ಲಿ ಜೂಜಿನ ಹಂಬಲ ಹುಟ್ಟಿಸುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ.

ಮರುಪ್ರಶ್ನೆ: ಚಟ ಬಿಡಿಸಲು ಮಾತ್ರೆ ಇದೆಯಾ ಸರ್? ಕುಡಿತವನ್ನು ಇವತ್ತೇ ನಿಲ್ಲಿಸಲಾ?

ಉತ್ತರ: ಜೂಜಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮಾತ್ರೆ ಇಲ್ಲ. ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಕೆಲವರ ತುಡಿತ ಇಳಿಸುತ್ತದೆ, ಕುಡಿತಕ್ಕೂ ಸಹಾಯ; ಲಿವರ್ ಪರೀಕ್ಷೆ ಮಾಡಿಸಿಯೇ ಕೊಡುತ್ತೇವೆ, ಓಪಿಯಾಯ್ಡ್ (ಅಫೀಮಿನ ಜಾತಿಯ) ನೋವುಮಾತ್ರೆ ತಿನ್ನುವವರಿಗೆ ಕೊಡುವುದಿಲ್ಲ. ಮುಖ್ಯ ಚಿಕಿತ್ಸೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. "ಇನ್ನೇನು ಗೆದ್ದೇಬಿಡ್ತಿದ್ದೆ, ಇನ್ನೊಂದು ಆಟದಲ್ಲಿ ಹೋದದ್ದೆಲ್ಲ ವಾಪಸ್" ಅನ್ನುವ ಲೆಕ್ಕಾಚಾರವನ್ನು ಅದು ಹಿಡಿದು ಬಿಡಿಸುತ್ತದೆ. ಕಳೆದದ್ದನ್ನು ಬೆನ್ನಟ್ಟುವ ಈ ಗುಣ, ಮನೋರೋಗ ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ ಜೂಜಿನ ಕಾಯಿಲೆಗೆ ಹೇಳುವ 9 ಲಕ್ಷಣಗಳಲ್ಲಿ ಒಂದು. 12 ತಿಂಗಳಲ್ಲಿ 4 ಕಂಡರೆ ಕಾಯಿಲೆ ಅನ್ನುತ್ತೇವೆ.

ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಿಸಿ.

ಮರುಪ್ರಶ್ನೆ: ಸಾಲ ನಾವೇ ತೀರಿಸಿಬಿಟ್ಟರೆ ಮನಸ್ಸು ಹಗುರವಾಗಲ್ವಾ?

ಉತ್ತರ: ಒಂದೇ ಸಲ ತೀರಿಸಿದರೆ ಮತ್ತೆ ಸಾಲ ಮಾಡಲು ದಾರಿ ತೆರೆದುಕೊಟ್ಟಂತಾಗುತ್ತದೆ, ಅಷ್ಟೇ. ಮೊದಲು ಅವನ ಜೊತೆ ಕೂತು ಎಲ್ಲ ಸಾಲ ಪಟ್ಟಿ ಮಾಡಿ. ಅವನು ಒಪ್ಪಿದರೆ ಸಂಬಳದ ಖಾತೆ ಮನೆಯವರೊಬ್ಬರ ಕೈಗೆ ಬರಲಿ, ಖರ್ಚಿಗೆ ಬೇಕಾದಷ್ಟು ಮಾತ್ರ ಅವನ ಹತ್ತಿರ ಇರಲಿ, ಕಂತುಗಳು ಆ ಖಾತೆಯಿಂದ ನೇರ ಹೋಗಲಿ. ಆ್ಯಪ್ ತೆಗೆದರೆ ಸಾಲದು. ಬೆಟ್ಟಿಂಗ್ ಖಾತೆ ಮುಚ್ಚಿಸಿ, ಕಾರ್ಡಿನ ವಿವರ ಅಳಿಸಿ, ಬೆಟ್ಟಿಂಗ್ ತಾಣಗಳನ್ನು ತಡೆಯುವ ಸಾಫ್ಟ್‌ವೇರ್ ಹಾಕಿ.

ಸಾಲ ಬಯಲಾಗುವ ದಿನಗಳು ತುಂಬಾ ನಾಜೂಕು. ಅವಮಾನ, ಖಿನ್ನತೆ, ಕುಡಿತ ಮೂರೂ ಸೇರಿದಾಗ ಆತ್ಮಹತ್ಯೆಯ ಅಪಾಯ ಹೆಚ್ಚು. "ಸಾಯಬೇಕು ಅನ್ನಿಸ್ತಿದೆಯೇನೋ?" ಅಂತ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಅವನ ಕೈಗೆ ಸಿಗದಂತೆ ತೆಗೆದಿಡಿ, ಅವತ್ತೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತನ್ನಿ.