ಸಹಾಯ ಬೇಕು: ಆಟಿಸಂ ಇರುವ ಮಕ್ಕಳ ಪೋಷಕರಿಗೆ ವಿಜಯಪುರದ ಸಮೀಪ ಕನ್ನಡದಲ್ಲಿ ತರಬೇತಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರ ಜಿಲ್ಲೆಯ ಇಂಡಿಯವರು. ನಾಲ್ಕು ವರ್ಷದ ನಮ್ಮ ಮಗನಿಗೆ ಆಟಿಸಂ (ಸಂವಹನದಲ್ಲೂ ಇತರರೊಂದಿಗೆ ಬೆರೆಯುವುದರಲ್ಲೂ ತೊಡಕಿರುವ ಬೆಳವಣಿಗೆಯ ಸ್ಥಿತಿ) ಇರುವುದು ದೃಢಪಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿರುವುದರಿಂದ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿದ್ದೇವೆ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯ ಮಾಹಿತಿಯನ್ನೂ ಪಡೆದಿದ್ದೇವೆ. ಕಾಗದಪತ್ರಗಳ ವಿಷಯದಲ್ಲಿ ಅಷ್ಟೇನೂ ತೊಂದರೆಯಿಲ್ಲ.

ತೊಡಕಿರುವುದು ನಮ್ಮ ಕಲಿಕೆಯಲ್ಲಿ. ವಾರಕ್ಕೊಮ್ಮೆ ನಡೆಯುವ ವಾಕ್ ಚಿಕಿತ್ಸೆಯ (ಸ್ಪೀಚ್ ಥೆರಪಿ) ಹೊತ್ತಿನಲ್ಲಿ ನಮ್ಮನ್ನು ಹೊರಗೆ ಕೂರಿಸುತ್ತಾರೆ. ಉಳಿದ ದಿನಗಳೆಲ್ಲ ಅವನು ನಮ್ಮ ಜೊತೆಗೇ ಇರುವಾಗ ಇದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ನೀರು ಬೇಕಾದಾಗ ಅವನು ನಮ್ಮ ಕೈ ಹಿಡಿದು ಎಳೆಯುತ್ತಾನೆ. ಕೂಡಲೇ ಕೊಡಬೇಕೆಂದು ಒಬ್ಬರು, ಬೆರಳು ತೋರಿಸುವವರೆಗೆ ಕಾಯಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಆಟ ಮತ್ತು ದಿನನಿತ್ಯದ ಕೆಲಸಗಳ ಮೂಲಕವೇ ಮಗುವಿಗೆ ಕಲಿಸುವುದನ್ನು ಪೋಷಕರಿಗೆ ಹೇಳಿಕೊಡುವ ತರಬೇತಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದೆ. ಇಂಗ್ಲಿಷ್ ವಿಡಿಯೊಗಳನ್ನು ನೋಡಿದೆವು. ಆದರೆ ಹಗಲೆಲ್ಲ ಅವನನ್ನು ನೋಡಿಕೊಳ್ಳುವ ನಮ್ಮ ಅತ್ತೆಯವರಿಗೆ ಅವು ತಿಳಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಿಗೆ ಪದೇಪದೇ ಹೋಗುವುದು ಕೂಲಿಯ ಮನೆತನಕ್ಕೆ ಆಗದ ಮಾತು.

ವಿಜಯಪುರ, ಬಾಗಲಕೋಟೆ ಅಥವಾ ಬೆಳಗಾವಿಯಲ್ಲಿ ಪೋಷಕರನ್ನೂ ಅಜ್ಜಿಯರನ್ನೂ ಕೂರಿಸಿಕೊಂಡು ಕನ್ನಡದಲ್ಲಿ ಕಲಿಸುವ ಕೇಂದ್ರ ಅಥವಾ ಪೋಷಕರ ಗುಂಪು ಯಾವುದು, ಅಲ್ಲಿಗೆ ಸೇರಲು ಏನು ಮಾಡಬೇಕು ಎಂಬುದನ್ನು ಸ್ವತಃ ಹೋಗಿ ಬಂದವರು ದಯವಿಟ್ಟು ತಿಳಿಸುವಿರಾ?