ಒಡೆದ ಮೊಬೈಲ್ ಪರದೆ: ಮೇಲಿನ ಗಾಜನ್ನು ಮಾತ್ರ ಮನೆಯಲ್ಲಿ ಬದಲಿಸಬಹುದೇ?

ನಿಧಾನಿ:

ಮೊಬೈಲ್ ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು, ಅದೂ ಮೂಲೆ ಕೆಳಗಾಗಿ. ಮೇಲಿನ ಬಲ ಮೂಲೆಯಲ್ಲಿ ಗಾಜು ನುಚ್ಚುನೂರಾಗಿದೆ. ಅಲ್ಲಿಂದ ಹೊರಟ ಬಿರುಕುಗಳಲ್ಲಿ ಒಂದು ಕೆಳಗಿನ ಅಂಚನ್ನೇ ಮುಟ್ಟಿದೆ. ಆದರೆ ಚಿತ್ರ ಸ್ಪಷ್ಟವಾಗಿದೆ. ಬಣ್ಣದ ಗೆರೆಯಾಗಲಿ ಕಪ್ಪು ಕಲೆಯಾಗಲಿ ಇಲ್ಲ. ಸ್ಪರ್ಶವೂ ಬಹುಪಾಲು ಸರಿಯಾಗಿಯೇ ಇದೆ, ಬಿರುಕಿನ ಪಕ್ಕದ ಅಕ್ಷರಗಳು ಮಾತ್ರ ಆಗಾಗ ಕೈಕೊಡುತ್ತವೆ.

ಇದು ಓಎಲ್‌ಇಡಿ ಪರದೆಯ (ಪ್ರತಿ ಚುಕ್ಕೆಯೂ ತಾನೇ ಬೆಳಗುವ ಬಗೆ) ಆಂಡ್ರಾಯ್ಡ್ ಫೋನ್. ಬೆರಳಚ್ಚು ಓದುವ ಸಂವೇದಕ ಪರದೆಯ ಅಡಿಯಲ್ಲೇ ಇದೆ. ಮೇಲಿನ ಗಾಜು ಮಾತ್ರ ಬಿಡಿಯಾಗಿ ಸಿಗುತ್ತದೆ, ಬೆಲೆಯೂ ಪೂರ್ತಿ ಡಿಸ್‌ಪ್ಲೇಯ ಬೆಲೆಗಿಂತ ಎಷ್ಟೋ ಕಡಿಮೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ತೆಳುವಾದ ತಂತಿಯಿಂದ ಹಳೆಯ ಗಾಜನ್ನು ಕೊಯ್ದು ತೆಗೆದು, ಹೊಸದನ್ನು ಅಂಟಿಸುವ ವಿಡಿಯೊಗಳನ್ನು ನೋಡಿದ್ದೇನೆ. ನೋಡಲು ಸುಲಭವೆನಿಸುತ್ತದೆ. ಲ್ಯಾಪ್‌ಟಾಪ್ ಬಿಚ್ಚಿ ಮೆಮೊರಿ ಬದಲಿಸಿ, ಫ್ಯಾನ್‌ನ ಧೂಳು ತೆಗೆದು ರೂಢಿಯಿದೆ. ಸಣ್ಣ ಸ್ಕ್ರೂಗಳನ್ನು ಕಂಡರೆ ಭಯವಿಲ್ಲ. ಮೊಬೈಲನ್ನು ಮಾತ್ರ ಇದುವರೆಗೆ ಬಿಚ್ಚಿಲ್ಲ.

ಗಾಜು ಮಾತ್ರ ಬದಲಿಸುವುದು ಮನೆಯಲ್ಲಿ ಸಾಧ್ಯವೇ? ಸದ್ಯಕ್ಕೆ ಬಿರುಕು ಹರಡದಂತೆ ಏನಾದರೂ ಹಚ್ಚಬಹುದೇ?

ಅಂಟುಪ್ರಿಯ:

ಸೂಪರ್ ಗ್ಲೂ ತೆಗೆದುಕೊಳ್ಳಿ. ತೀರಾ ತೆಳುವಾದದ್ದನ್ನು ಬಿರುಕಿನ ಮೇಲೆ ಒಂದು ಹನಿ ಬಿಟ್ಟರೆ ಅದು ತಾನಾಗಿಯೇ ಒಳಕ್ಕೆ ಇಳಿಯುತ್ತದೆ. ಸಣ್ಣ ಗೀರುಗಳಿದ್ದರೆ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಉಜ್ಜಿ. ನನ್ನ ಹಳೆಯ ಫೋನು ಹೀಗೆಯೇ ಬಹಳ ಕಾಲ ನಡೆಯಿತು.

ಸ್ಕ್ರೂಡಬ್ಬಿ:

ನಿಧಾನಿಯವರೇ, ಯಾವುದನ್ನೂ ಹಚ್ಚಬೇಡಿ. ಅಂಟುಪ್ರಿಯರು ಬೇಸರಿಸಬಾರದು, ಈ ಎರಡೂ ಸಲಹೆಗಳ ಫಲವನ್ನು ನಾನು ಕೆಲಸದ ಮೇಜಿನ ಮೇಲೆ ನೋಡುತ್ತಲೇ ಇರುತ್ತೇನೆ. ಸೂಪರ್ ಗ್ಲೂ ಒಣಗುವಾಗ ಅದರ ಆವಿ ಸುತ್ತಲೂ ಬಿಳಿ ಪೊರೆಯಾಗಿ ಕೂರುತ್ತದೆ. ಮೇಲಿನ ಮೂಲೆಯಲ್ಲಿ ಹನಿ ಬಿಟ್ಟರೆ ಇಯರ್‌ಪೀಸ್‌ನ ಜಾಲರಿಯೊಳಗೆ ಹರಿದು ಅದನ್ನೂ ಮುಚ್ಚಿಬಿಡುತ್ತದೆ. ಟೂತ್‌ಪೇಸ್ಟ್‌ನಲ್ಲಿರುವುದು ಉಜ್ಜುವ ಪುಡಿ. ಬೆರಳಿನ ಜಿಡ್ಡು ಅಂಟದಂತೆ ಗಾಜಿನ ಮೇಲೆ ಒಂದು ಲೇಪನವಿರುತ್ತದೆ. ಆ ಪುಡಿ ಅದನ್ನು ಸವೆಸುತ್ತದೆ, ಬಿರುಕಿಗೆ ಅದರಿಂದ ಏನೂ ಆಗುವುದಿಲ್ಲ.

ಬಿರುಕು ತಾನಾಗಿ ಮುಂದುವರಿಯುವುದೇಕೆ ಎಂದು ತಿಳಿದರೆ ಅಂಟಿನ ಆಸೆ ಬಿಡುತ್ತೀರಿ. ಮೊಬೈಲಿನ ಗಾಜನ್ನು ತಯಾರಿಸುವಾಗ ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸುತ್ತಾರೆ. ಗಾಜಿನ ಮೇಲ್ಪದರದ ಸೋಡಿಯಂ ಅಯಾನುಗಳು ಹೊರಬಂದು, ಅವುಗಳಿಗಿಂತ ದೊಡ್ಡದಾದ ಪೊಟ್ಯಾಸಿಯಂ ಅಯಾನುಗಳು ಅದೇ ಇಕ್ಕಟ್ಟಿನ ಜಾಗಕ್ಕೆ ಸೇರಿಕೊಳ್ಳುತ್ತವೆ. ಇದರಿಂದ ಮೇಲ್ಮೈ ಸದಾ ಒತ್ತಡದಲ್ಲಿರುತ್ತದೆ, ಒಳಭಾಗ ಎಳೆತದಲ್ಲಿರುತ್ತದೆ. ಗಾಜಿನ ಗಟ್ಟಿತನವೆಲ್ಲ ಈ ಬಿಗಿತದಿಂದಲೇ ಬಂದದ್ದು. ಮೇಲ್ಪದರವನ್ನು ದಾಟಿ ಬಿರುಕು ಒಳಗೆ ಹೊಕ್ಕ ಮೇಲೆ ಒಳಗಿನ ಎಳೆತವೇ ಅದನ್ನು ಅಗಲಿಸುತ್ತದೆ. ಮೇಲಿನಿಂದ ಹಾಕಿದ ಅಂಟು ಆ ಬಿಗಿತವನ್ನು ಮರಳಿ ತರಲಾರದು.

ಈಗ ಮಾಡಬೇಕಾದ ಕೆಲಸ ಎರಡು. ಪರದೆಯ ಮೇಲೆ ಅಗಲವಾದ ಪಾರದರ್ಶಕ ಟೇಪನ್ನು ಬಿಗಿಯಾಗಿ ಅಂಟಿಸಿ. ಗಾಜಿನ ಚೂರು ಬೆರಳಿಗೆ ಹೊಕ್ಕದಿರಲಿ, ತೇವ ಒಳಗಿಳಿಯದಿರಲಿ. ಇನ್ನೊಂದು, ಸ್ಪರ್ಶ ಕೆಲಸ ಮಾಡುತ್ತಿರುವಾಗಲೇ ಚಿತ್ರ, ಸಂಪರ್ಕ, ಸಂದೇಶಗಳನ್ನೆಲ್ಲ ಬ್ಯಾಕ್‌ಅಪ್ ಮಾಡಿಕೊಳ್ಳಿ. ಇದನ್ನು ನಾಳೆಗೆ ಇಡಬೇಡಿ. ಫೋನ್ ಒಮ್ಮೆ ಆಫ್ ಆಗಿ ಮತ್ತೆ ಆನ್ ಆದಾಗ ಪಿನ್ ಕೇಳುತ್ತದೆ. ಸ್ಪರ್ಶ ಸತ್ತಿದ್ದರೆ ಪಿನ್ ಒತ್ತುವುದು ಹೇಗೆ? ಒಳಗಿನ ಮಾಹಿತಿ ಗೂಢಲಿಪಿಯಲ್ಲಿರುವುದರಿಂದ ಕಂಪ್ಯೂಟರಿಗೆ ಜೋಡಿಸಿದ ಮಾತ್ರಕ್ಕೆ ಸಿಗುವುದಿಲ್ಲ. ಚಿತ್ರ ಕಾಣುತ್ತಿದ್ದು ಸ್ಪರ್ಶ ಮಾತ್ರ ಹೋದರೆ ಓಟಿಜಿ ಅಡಾಪ್ಟರ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ತುಂಡು) ಹಾಕಿ ಕಂಪ್ಯೂಟರಿನ ಮೌಸ್ ಜೋಡಿಸಿ. ಬಾಣದ ಗುರುತು ಪರದೆಯ ಮೇಲೆ ಬರುತ್ತದೆ, ಅದರಿಂದಲೇ ಪಿನ್ ಒತ್ತಬಹುದು. ಚಿತ್ರವೂ ಹೋದರೆ ಕಷ್ಟ.

ಇನ್ನು ನಿಮ್ಮ ಮೂಲ ಪ್ರಶ್ನೆ. ಗಾಜನ್ನು ಮಾತ್ರ ಬದಲಿಸುವುದು ಸಾಧ್ಯ, ಆದರೆ ಅದು ಮನೆಯ ಕೆಲಸವಲ್ಲ. ಈಗಿನ ಫೋನ್‌ಗಳಲ್ಲಿ ಗಾಜು, ಸ್ಪರ್ಶದ ಪದರ, ಚಿತ್ರ ಮೂಡಿಸುವ ಪ್ಯಾನೆಲ್ ಇವೆಲ್ಲವನ್ನೂ ಪಾರದರ್ಶಕ ಅಂಟಿನಿಂದ ಒಂದಕ್ಕೊಂದು ಕೂಡಿಸಿರುತ್ತಾರೆ; ಮೂರು ಹಾಳೆಗಳಿಗೆ ಗೋಂದು ಬಳಿದು ಒಂದೇ ರಟ್ಟು ಮಾಡಿದ ಹಾಗೆ. ಎಷ್ಟೋ ಓಎಲ್‌ಇಡಿ ಪರದೆಗಳಲ್ಲಿ ಸ್ಪರ್ಶದ ಪದರ ಪ್ಯಾನೆಲ್‌ನ ಮೈಮೇಲೆಯೇ ಇರುತ್ತದೆ. ನಿಮ್ಮ ತಂತಿ ಹಾದುಹೋಗಬೇಕಾದದ್ದು ಗಾಜಿಗೂ ಅದಕ್ಕೂ ನಡುವಿನ, ಕೂದಲೆಳೆಯಷ್ಟು ತೆಳುವಾದ ಅಂಟಿನಲ್ಲಿ. ವೃತ್ತಿಯವರು ಇದಕ್ಕೆ ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ, ಫೋನನ್ನು ಗಾಳಿ ಎಳೆದು ಬಿಗಿಹಿಡಿಯುವ ಹಲಗೆಯನ್ನು ಬಳಸುತ್ತಾರೆ. ಆಮೇಲೆ ಹಳೆಯ ಅಂಟನ್ನು ಗುಲಗಂಜಿಯಷ್ಟೂ ಉಳಿಯದಂತೆ ತೆಗೆಯಬೇಕು, ಓಸಿಎ ಎಂಬ ಅಂಟಿನ ಹಾಳೆ ಹಾಕಬೇಕು, ನಿರ್ವಾತದಲ್ಲಿ ಹೊಸ ಗಾಜನ್ನು ಒತ್ತಬೇಕು, ಉಳಿದ ಗುಳ್ಳೆಗಳನ್ನು ಒತ್ತಡದ ಕೊಠಡಿಯಲ್ಲಿಟ್ಟು ಕಳೆಯಬೇಕು. ಹೇರ್ ಡ್ರೈಯರ್‌ನ ಬಿಸಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ವಿಡಿಯೊದಲ್ಲಿ ತಂತಿ ಸಲೀಸಾಗಿ ಓಡುವುದನ್ನು ತೋರಿಸುತ್ತಾರೆ. ಅದಕ್ಕೂ ಮೊದಲು ಹಾಳಾದ ಪ್ಯಾನೆಲ್‌ಗಳನ್ನು ಯಾರೂ ತೋರಿಸುವುದಿಲ್ಲ.

ಆದ್ದರಿಂದ ನಿಮ್ಮ ಮುಂದಿರುವುದು ಪೂರ್ತಿ ಕಾಂಬೋ ಬದಲಿಸುವ ಕೆಲಸ, ಅಂದರೆ ಗಾಜು, ಸ್ಪರ್ಶ, ಪ್ಯಾನೆಲ್ ಮೂರೂ ಅಂಟಿಯೇ ಬರುವ ಘಟಕ. ಅದನ್ನು ಮನೆಯಲ್ಲಿ ಮಾಡಬಹುದು.

ಕೊಳ್ಳುವ ಮೊದಲು ಒಂದು ಪರೀಕ್ಷೆ. ಯಾವುದಾದರೂ ಆ್ಯಪ್‌ನ ಚಿಹ್ನೆಯನ್ನು ಒತ್ತಿ ಹಿಡಿದು, ಬೆರಳೆತ್ತದೆ ಪರದೆಯ ತುಂಬ ಸಾಲುಸಾಲಾಗಿ ಎಳೆಯಿರಿ. ಎಲ್ಲಿ ಚಿಹ್ನೆ ಕೈಬಿಟ್ಟು ಹೋಗುತ್ತದೆಯೋ ಅಲ್ಲಿ ಸ್ಪರ್ಶ ಸತ್ತಿದೆ. ಮತ್ತೆ ಕತ್ತಲೆಯಲ್ಲಿ ಬಿಳಿ, ಬೂದು, ಹಸಿರು ಬಣ್ಣಗಳನ್ನು ಪರದೆ ತುಂಬ ತೋರಿಸಿ ನೋಡಿ. ಮೂಲೆಯಲ್ಲಿ ಕಪ್ಪು ಅಥವಾ ನೇರಳೆ ಚುಕ್ಕೆ ಕಂಡು ದಿನೇದಿನೇ ದೊಡ್ಡದಾದರೆ ಪ್ಯಾನೆಲ್‌ನ ಮುಚ್ಚಿಗೆ ಒಡೆದಿದೆ ಎಂದರ್ಥ. ಓಎಲ್‌ಇಡಿಯೊಳಗಿನ ಸಾವಯವ ಪದರಕ್ಕೆ ತೇವ, ಆಮ್ಲಜನಕ ಎರಡೂ ವಿಷ.

ಫೋನಿನ ಚೌಕಟ್ಟಿನ ಆ ಮೂಲೆ ಬಾಗಿದೆಯೇ, ಅದನ್ನೂ ನೋಡಿ ಹೇಳಿ. ಹೆಚ್ಚಿನವರು ನೋಡದೆ ಬಿಡುವುದು ಅದನ್ನೇ.

ಅರೆಬರೆ:

ಸ್ಕ್ರೂಡಬ್ಬಿಯವರು ಸ್ವಲ್ಪ ಹೆಚ್ಚೇ ಹೆದರಿಸುತ್ತಿದ್ದಾರೆ. ನಾನು ಹಳೆಯ ಟ್ಯಾಬ್ಲೆಟ್ ಒಂದರ ಗಾಜನ್ನು ಮಾತ್ರ ಬದಲಿಸಿದ್ದೇನೆ. ಹೇರ್ ಡ್ರೈಯರ್, ಗಿಟಾರ್ ನುಡಿಸುವ ಪ್ಲಾಸ್ಟಿಕ್ ಪಿಕ್, ಅಂಚಿಗೆ ಎರಡು ಬದಿ ಅಂಟಿನ ಟೇಪ್, ಇಷ್ಟೇ ಸಾಮಗ್ರಿ. ಇಂದಿಗೂ ಓಡುತ್ತಿದೆ.

ಸ್ಕ್ರೂಡಬ್ಬಿ:

ನಂಬುತ್ತೇನೆ. ನಿಮ್ಮ ಟ್ಯಾಬ್ಲೆಟ್‌ನಲ್ಲಿ ಗಾಜಿಗೂ ಎಲ್‌ಸಿಡಿಗೂ (ಹಿಂದಿನ ಬೆಳಕಿನಿಂದ ಚಿತ್ರ ತೋರಿಸುವ ಪ್ಯಾನೆಲ್‌ಗೂ) ನಡುವೆ ಗಾಳಿಯ ಸಂದಿ ಇದ್ದಿರಬೇಕು. ಅಂಥವುಗಳಲ್ಲಿ ಗಾಜು ಅಂಚಿನಲ್ಲಿ ಮಾತ್ರ ಅಂಟಿರುತ್ತದೆ, ಸ್ಪರ್ಶದ ಪದರ ಗಾಜಿನೊಂದಿಗೇ ಬರುತ್ತದೆ, ಎಲ್‌ಸಿಡಿ ಕೆಳಗೆ ಬೇರೆಯಾಗಿ ಕೂತಿರುತ್ತದೆ. ಪರದೆ ಆಫ್ ಇದ್ದಾಗ ಓರೆಯಾಗಿ ನೋಡಿದರೆ ಗಾಜಿನ ಕೆಳಗೆ ಆಳದಲ್ಲಿ ಬೂದು ಬಣ್ಣದ ಆಯತ ಕಾಣುತ್ತದೆ. ಅಂಥದ್ದನ್ನು ಧೈರ್ಯವಾಗಿ ಬಿಚ್ಚಿ. ನಿಧಾನಿಯವರದ್ದು ಅದಲ್ಲ.

ನಿಧಾನಿ:

ಬ್ಯಾಕ್‌ಅಪ್ ಮುಗಿಯಿತು, ಟೇಪನ್ನೂ ಅಂಟಿಸಿದೆ. ಚಿಹ್ನೆ ಎಳೆಯುವ ಪರೀಕ್ಷೆಯಲ್ಲಿ ಬಿರುಕಿನ ಉದ್ದಕ್ಕೂ ಒಂದು ಸಣ್ಣ ಪಟ್ಟಿಯಲ್ಲಿ ಚಿಹ್ನೆ ಕೈಬಿಡುತ್ತದೆ. ಕಲೆ ಇಲ್ಲ. ಚೌಕಟ್ಟಿನ ಮೂಲೆಗೆ ಅಳತೆಪಟ್ಟಿಯನ್ನು ಒತ್ತಿಟ್ಟು ನೋಡಿದರೆ ಸಣ್ಣದೊಂದು ತಗ್ಗು ಕಾಣುತ್ತದೆ.

ಕಾಂಬೋದಲ್ಲಿ ಎಷ್ಟು ಬಗೆ! ಚೌಕಟ್ಟು ಸಹಿತ, ಚೌಕಟ್ಟು ರಹಿತ, ಓಎಲ್‌ಇಡಿ, ಟಿಎಫ್‌ಟಿ. ಬೆಲೆಯೂ ಒಂದಕ್ಕೊಂದು ಸಂಬಂಧವಿಲ್ಲದಂತಿದೆ. ಯಾವುದನ್ನು ಕೊಳ್ಳಲಿ?

ಸ್ಕ್ರೂಡಬ್ಬಿ:

ಚೌಕಟ್ಟು ಸಹಿತ, ಓಎಲ್‌ಇಡಿ. ಆ ತಗ್ಗೇ ಕಾರಣ. ಬಾಗಿದ ಮೂಲೆಗೆ ಹೊಸ ಪರದೆಯನ್ನು ಅಂಟಿಸಿದರೆ ಗಾಜು ಆ ಉಬ್ಬಿನ ಮೇಲೆ ಕೂತು ಮುಂದೆಂದೋ, ಬೀಳದೆಯೇ, ಅಲ್ಲಿಂದಲೇ ಸೀಳುತ್ತದೆ. ಚೌಕಟ್ಟು ರಹಿತವನ್ನು ಕೊಂಡರೆ ಹಳೆಯ ಪರದೆಯನ್ನು ಚೂರುಚೂರಾಗಿ ಕಿತ್ತು ಅಂಟನ್ನು ಕೆರೆಯುವ ಕೆಲಸ ಬೇರೆ. ಚೌಕಟ್ಟು ಸಹಿತವಾದರೆ ಹಳೆಯ ಪರದೆಯ ತಂಟೆಯೇ ಇಲ್ಲ. ಹಿಂಬದಿಯ ಮುಚ್ಚಳ ತೆಗೆದು ಒಳಗಿನ ಅಂಗಾಂಗಗಳನ್ನೆಲ್ಲ ಹೊಸ ಮೈಗೆ ಸಾಗಿಸುವುದು. ಬಿಚ್ಚುವುದು ಹೆಚ್ಚು, ಕೊಯ್ಯುವುದು ಕಡಿಮೆ. ನಿಮಗೆ ಲ್ಯಾಪ್‌ಟಾಪ್ ಬಿಚ್ಚಿ ರೂಢಿಯಿದೆಯಲ್ಲ, ಆ ರೂಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಟಿಎಫ್‌ಟಿ ಎಂದು ಅಗ್ಗಕ್ಕೆ ಸಿಗುವುದು ಎಲ್‌ಸಿಡಿ ನಕಲು. ಅದರ ಹಿಂದೆ ಬೆಳಕಿನ ಪದರವಿರುವುದರಿಂದ ಪರದೆಯಡಿಯ ಬೆರಳಚ್ಚು ಸಂವೇದಕಕ್ಕೆ ಏನೂ ಕಾಣುವುದಿಲ್ಲ. ದಪ್ಪವೂ ಹೆಚ್ಚು, ಕಪ್ಪು ಬಣ್ಣ ಬೂದಾಗಿ ಕಾಣುತ್ತದೆ. ಓಎಲ್‌ಇಡಿ ಹಾಕಿದ ಮೇಲೂ ಕೆಲವು ಮಾದರಿಗಳಲ್ಲಿ ಬೆರಳಚ್ಚು ಸಂವೇದಕವನ್ನು ಹೊಸ ಪರದೆಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ನಿಮ್ಮ ಮಾದರಿಗೆ ಅದು ಬೇಕೇ, ಬೇಕಾದರೆ ಹೇಗೆ ಎಂಬುದನ್ನು ಹಣ ಕೊಡುವ ಮೊದಲೇ ಮಾರುವವರಿಂದ ಕೇಳಿ ತಿಳಿಯಿರಿ.

ಈಗ ಕೆಲಸ. ಬ್ಯಾಟರಿಯ ಚಾರ್ಜ್ ಶೇಕಡ 25ಕ್ಕಿಂತ ಕೆಳಗಿಳಿಯಲಿ. ತುಂಬಿದ ಲಿಥಿಯಂ ಬ್ಯಾಟರಿಗೆ ಲೋಹದ ತುದಿ ಚುಚ್ಚಿದರೆ ಹೊತ್ತಿಕೊಳ್ಳುವ ರಭಸವೇ ಬೇರೆ. ಕಣ್ಣಿಗೆ ಕನ್ನಡಕವಿರಲಿ. ಹಿಂಬದಿಯ ಅಂಚನ್ನು ಬಿಸಿ ಮಾಡಿ. ಮುಟ್ಟಿದ ಬೆರಳನ್ನು ಇಟ್ಟುಕೊಂಡಿರಲಾಗದಷ್ಟು ಬಿಸಿ ಸಾಕು. ಸಕ್ಷನ್ ಕಪ್‌ನಿಂದ ಎಳೆದು ಸಂದಿಯಾದ ಕೂಡಲೇ ಪಿಕ್ ತೂರಿಸಿ, ಆಳಕ್ಕೆ ಹೋಗದೆ ಸುತ್ತ ಎಳೆಯಿರಿ. ಮುಚ್ಚಳಕ್ಕೆ ತಂತಿಪಟ್ಟಿ ಅಂಟಿರುವ ಮಾದರಿಗಳಿವೆ, ಒಂದೇ ಬಾರಿಗೆ ಕಿತ್ತೆಸೆಯಬೇಡಿ.

ಒಳಗೆ ಮೊದಲು ಬಿಡಿಸಬೇಕಾದದ್ದು ಬ್ಯಾಟರಿಯ ಕನೆಕ್ಟರ್. ಅದು ಪ್ಲಾಸ್ಟಿಕ್ ಸಲಕರಣೆಯಿಂದಲೇ ಆಗಲಿ. ಬ್ಯಾಟರಿ ಜೋಡಿಸಿದ್ದಾಗ ಡಿಸ್‌ಪ್ಲೇಯ ಕನೆಕ್ಟರನ್ನು ಕಿತ್ತರೆ ಫೋನಿನ ಮುಖ್ಯ ಸರ್ಕ್ಯೂಟ್ ಬೋರ್ಡ್ ಮೇಲೆ ಶಾರ್ಟ್ ಆಗಿ, ಹೊಸ ಪರದೆ ಹಾಕಿದ ಮೇಲೂ ಕತ್ತಲೆಯೇ ಉಳಿಯಬಹುದು.

ಸ್ಕ್ರೂಗಳ ವಿಷಯದಲ್ಲಿ ನನಗೆ ಹಟವಿದೆ (ಹೆಸರೇ ಹೇಳುತ್ತದೆ). ಕಾಗದದ ಮೇಲೆ ಫೋನಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಟೇಪಿನಿಂದ ಅಂಟಿಸಿ. ನೋಡಲು ಒಂದೇ ತರಹ, ಉದ್ದ ಮಾತ್ರ ಅರ್ಧ ಮಿಲಿಮೀಟರ್ ವ್ಯತ್ಯಾಸ. ಉದ್ದದ್ದನ್ನು ಗಿಡ್ಡದರ ರಂಧ್ರಕ್ಕೆ ಹಾಕಿ ಬಿಗಿಸಿದರೆ ಅದರ ತುದಿ ಕೆಳಗಿನ ಬೋರ್ಡಿನ ಎಳೆಗಳನ್ನೇ ಕೊರೆಯಬಹುದು. ಆಮೇಲೆ ಪರದೆ ಹೊಸದು, ಫೋನ್ ಸತ್ತದ್ದು.

ಬ್ಯಾಟರಿ ತೆಗೆಯುವುದು ಈ ಕೆಲಸದ ಅತ್ಯಂತ ಕೆಟ್ಟ ಘಟ್ಟ. ಎಳೆಯುವ ಪಟ್ಟಿಯಿದ್ದರೆ ನಿಧಾನವಾಗಿ ಎಳೆಯಿರಿ. ಇಲ್ಲದಿದ್ದರೆ ಅಂಚಿನಲ್ಲಿ ಶೇಕಡ 90ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್‌ನ ಕೆಲವು ಹನಿ ಬಿಟ್ಟು ಕಾಯಿರಿ, ಅಂಟು ಸಡಿಲವಾಗುತ್ತದೆ. ಹತ್ತಿರದಲ್ಲಿ ಬೆಂಕಿಯಾಗಲಿ ಹೇರ್ ಡ್ರೈಯರ್ ಆಗಲಿ ಬೇಡ. ಲೋಹದಿಂದ ಮೀಟಬೇಡಿ. ಬಾಗಿದ, ಸುಕ್ಕಾದ, ಉಬ್ಬಿದ ಬ್ಯಾಟರಿಯನ್ನು ಮರಳಿ ಹಾಕಲೇಬೇಡಿ, ಹೊಸದನ್ನೇ ಹಾಕಿ.

ಬೋರ್ಡ್, ಕ್ಯಾಮೆರಾ, ಸ್ಪೀಕರ್, ಕಂಪನದ ಮೋಟಾರ್ ಸಾಗಿಸುವುದು ತಾಳ್ಮೆಯ ಕೆಲಸ, ಅಷ್ಟೆ.

ಮೂರನೆಯವಳು:

ಐಫೋನ್ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಭಾಗಗಳು ಬೋರ್ಡಿನೊಂದಿಗೆ ಜೋಡಿಯಾಗಿರುತ್ತವೆ. 2013ರ ಐಫೋನ್ 5ಎಸ್‌ನಿಂದ ಬಂದ ಬೆರಳಚ್ಚಿನ ಹೋಮ್ ಬಟನ್ ಆಯಾ ಬೋರ್ಡಿಗೆ ಮಾತ್ರ ಸೇರಿದ್ದು. ಪರದೆ ಬದಲಿಸುವಾಗ ಹಳೆಯ ಬಟನ್ನನ್ನೇ ಜೋಪಾನವಾಗಿ ಸಾಗಿಸದಿದ್ದರೆ ಬೆರಳಚ್ಚು ಕೆಲಸ ಮಾಡುವುದಿಲ್ಲ. 2021ರಲ್ಲಿ ಐಫೋನ್ 13 ಬಂದಾಗ ಹೊರಗಿನವರು ಪರದೆ ಬದಲಿಸಿದರೆ ಮುಖ ಗುರುತಿಸುವ ಸೌಲಭ್ಯವೇ ನಿಂತುಹೋಗುತ್ತಿತ್ತು. ಗಲಾಟೆಯಾದ ಮೇಲೆ ತಂತ್ರಾಂಶದ ಬದಲಾವಣೆಯಿಂದ ಸರಿಪಡಿಸಿದರು. ಗ್ರಾಹಕರು ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಇದೆಂಥ ಯಜಮಾನಿಕೆಯೋ!

ನಿಧಾನಿ:

ಚೌಕಟ್ಟು ಸಹಿತ ಓಎಲ್‌ಇಡಿಯನ್ನೇ ತರಿಸುತ್ತಿದ್ದೇನೆ. ಹಿಂಬದಿಯ ಮುಚ್ಚಳ ಅಂಟಿಸಲು ಯಾವ ಅಂಟು? ನೀರು ತಡೆಯುವ ಗುಣ ಉಳಿಯುತ್ತದೆಯೇ?

ಸ್ಕ್ರೂಡಬ್ಬಿ:

ನಿಮ್ಮ ಮಾದರಿಗೆಂದೇ ಕತ್ತರಿಸಿದ ಅಂಟಿನ ಪಟ್ಟಿ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಬಿ-7000 ಅಂಟನ್ನು ಅಂಚಿನಲ್ಲಿ ತೆಳುವಾಗಿ ಎಳೆದು, ರಬ್ಬರ್ ಬ್ಯಾಂಡ್ ಹಾಕಿ ಸಮತಟ್ಟಾದ ಜಾಗದಲ್ಲಿಡಿ. ಪೂರ್ತಿ ಗಟ್ಟಿಯಾಗಲು ಒಂದೆರಡು ದಿನ ಬೇಕು. ಬ್ಯಾಂಡ್ ತೀರಾ ಬಿಗಿಯಾದರೆ ಅಂಟು ಬಟನ್‌ಗಳತ್ತ ಹೊರಳುತ್ತದೆ. ನೀರಿನ ವಿಷಯದಲ್ಲಿ ಇನ್ನು ಮುಂದೆ ಅದು ನೀರು ತಡೆಯದ ಫೋನ್ ಎಂದೇ ತಿಳಿದು ಬಳಸಿ, ಪೆಟ್ಟಿಗೆಯ ಮೇಲೆ ಐಪಿ 68 (ಧೂಳು, ನೀರು ತಡೆಯುವ ದರ್ಜೆ) ಎಂದು ಬರೆದಿದ್ದರೂ ಸರಿ.

ಎಲ್ಲಕ್ಕಿಂತ ಮೊದಲು, ಕಾಂಬೋ ಕೈಗೆ ಬಂದ ದಿನವೇ ಪರೀಕ್ಷಿಸಿ. ಹಿಂಬದಿ ತೆರೆದು, ಬ್ಯಾಟರಿ ಬಿಡಿಸಿ, ಹೊಸ ಪರದೆಯ ತಂತಿಪಟ್ಟಿಯನ್ನು ಬೋರ್ಡಿಗೆ ಹಾಕಿ, ಬ್ಯಾಟರಿ ಜೋಡಿಸಿ ಆನ್ ಮಾಡಿ. ಪಟ್ಟಿ ತಲುಪದ ಮಾದರಿಯಾದರೆ ಸಾಗಿಸಿದ ಮೇಲೆ, ಮುಚ್ಚಳ ಅಂಟಿಸುವ ಮೊದಲು ಮಾಡಿ. ಬಣ್ಣ ನೋಡಿ, ಚಿಹ್ನೆ ಎಳೆಯುವ ಪರೀಕ್ಷೆ ಮಾಡಿ, ಕರೆ ಮಾಡಿ ಕಿವಿಗಿಟ್ಟಾಗ ಪರದೆ ಆರುತ್ತದೆಯೇ ನೋಡಿ. ಅಲ್ಲಿಯವರೆಗೆ ಹೊಸ ಪರದೆಯ ಮೇಲಿನ ರಕ್ಷಣಾ ಹಾಳೆಯನ್ನಾಗಲಿ ಮಾರುವವರ ಮುದ್ರೆಯನ್ನಾಗಲಿ ಕೀಳಬೇಡಿ; ಅದು ಹರಿದಿದ್ದರೆ ಹಿಂತಿರುಗಿಸಲು ಒಪ್ಪುವವರು ಕಡಿಮೆ. ಹಳೆಯ ಚೌಕಟ್ಟನ್ನೂ ಕೂಡಲೇ ಎಸೆಯಬೇಡಿ. ಇಯರ್‌ಪೀಸ್‌ನ ಜಾಲರಿ, ಬಟನ್‌ಗಳ ಪ್ಲಾಸ್ಟಿಕ್, ಸಣ್ಣ ರಬ್ಬರ್ ತುಂಡುಗಳು ಎಷ್ಟೋ ಸಲ ಹೊಸದರ ಜೊತೆ ಬಂದಿರುವುದಿಲ್ಲ, ಅವನ್ನು ಹಳೆಯದರಿಂದಲೇ ತೆಗೆದುಕೊಳ್ಳಬೇಕಾಗುತ್ತದೆ.