ಅಪ್‌ಡೇಟ್: ನೆದರ್ಲೆಂಡ್ಸ್‌ನಲ್ಲಿದ್ದುಕೊಂಡೇ ಜನನ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಸಿಕ್ಕಿತು

ಇಲ್ಲಿನ ನಗರಾಡಳಿತ ಕೇಳಿದ, ಅಪೋಸ್ಟಿಲ್ (ದಾಖಲೆ ವಿದೇಶದಲ್ಲೂ ಮಾನ್ಯವಾಗಲೆಂದು ಸರ್ಕಾರ ಹಾಕುವ ದೃಢೀಕರಣ ಮೊಹರು) ಇರುವ ಜನನ ಪ್ರಮಾಣಪತ್ರವನ್ನು ಊರಿಗೆ ಹೋಗದೆ ಪಡೆಯುವುದು ಹೇಗೆ ಎಂದು ಕೇಳಿದ್ದೆನಲ್ಲ, ಆ ಕೆಲಸ ಮುಗಿದಿದೆ. ಇಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ಪಾಸ್‌ಪೋರ್ಟ್ ಆಧಾರದ ಪತ್ರ ಪಡೆಯುವ ಸಲಹೆ ಫಲಿಸಲಿಲ್ಲ. ಹುಟ್ಟಿದೂರಿನ ನೋಂದಣಿಯ ಪ್ರತಿಯೇ ಬೇಕೆಂದು ನಗರಾಡಳಿತದವರು ಹೇಳಿದರು. ಅಪ್ಪ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿದ್ದರಿಂದ ಅದರ ಮೇಲೆ ಮೊಹರು ಹಾಕಲಾಗಲಿಲ್ಲ. ಕೊನೆಗೆ, ಹಿರಿಯರೊಬ್ಬರು ಹೇಳಿದಂತೆ ತಮ್ಮನಿಗೆ ಅಧಿಕಾರ ಪತ್ರ ಕಳುಹಿಸಿ, ಮೈಸೂರಿನಲ್ಲಿ ಹೊಸ ಪ್ರತಿ ತೆಗೆಸಿ, ಬೆಂಗಳೂರಿನಲ್ಲಿ ಮೊದಲು ರಾಜ್ಯ ಸರ್ಕಾರದ ದೃಢೀಕರಣವನ್ನೂ ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲನ್ನೂ ಮಾಡಿಸಿದೆವು. ಆ ಹಿರಿಯರಿಗೆ ನನ್ನ ಮನಃಪೂರ್ವಕ ವಂದನೆಗಳು. ಸದಸ್ಯ ದೇಶಗಳು ಪರಸ್ಪರರ ಅಪೋಸ್ಟಿಲನ್ನು ಒಪ್ಪುವ ಹೇಗ್ ಒಪ್ಪಂದ ಭಾರತದಲ್ಲಿ 2005ರಲ್ಲೇ ಜಾರಿಗೆ ಬಂದಿರುವುದರಿಂದ ಡಚ್ ರಾಯಭಾರ ಕಚೇರಿಯ ಮೊಹರು ಬೇಕಾಗಲಿಲ್ಲ. ಪತ್ರದಲ್ಲಿ ಕನ್ನಡದ ಜೊತೆಗೆ ಇಂಗ್ಲಿಷೂ ಇದ್ದುದರಿಂದ ಅನುವಾದದ ಖರ್ಚೂ ಉಳಿಯಿತು. ಇದು ನನಗೆ ಮೊದಲು ತಿಳಿದಿರಲಿಲ್ಲ.